ಏಳ ಹತ್ತಲೆ ಎಪ್ಪತ್ತು

ಇವತ್ತು ಗದಗದ ಒಂದು ಹೈಸ್ಕೂಲಿನಲ್ಲಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಹೇಳಿಕೊಡಲು ಹೋಗಿದ್ದೆ. ಒಂಬತ್ತನೇ ಕ್ಲಾಸು. ಒಂದು ಕಂಪ್ಯೂಟರಿಗೆ ಮೂವರು. ಏಳರ ಮಗ್ಗಿ ತೋರಿಸುವ ಪುಟ್ಟ ಪ್ರೋಗ್ರಾಮ್.

ಹಿಂದಿನ ಸಾಲಿನ ಹುಡುಗಿ ಕೈ ಎತ್ತಿದಳು. "ಸರ್, ಏಳ ಹತ್ತಲೆ ಎಪ್ಪತ್ತು ಬರವಲ್ದ್ರೀ. ಅರವತ್ಮೂರಕ್ಕ ನಿಂತೈತಿ."

ರೇಂಜ್‌ನಲ್ಲಿ 1, 10 ಅಂತ ಕೊಟ್ಟಿದ್ದಳು. ಎಲ್ಲಿಂದ ಎಲ್ಲಿವರೆಗೆ ಎಣಿಸಬೇಕು ಅಂತ ಹೇಳುವ ಜಾಗ ಅದು. ಪೈಥಾನ್ ಕೊನೆಯ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, 9ಕ್ಕೇ ನಿಲ್ಲುತ್ತದೆ. ಹೇಳಬೇಕು ಅಂತ ಬಾಯಿ ತೆರೆದವನು ಯಾಕೋ ಸುಮ್ನಾದೆ.

ಅವಳು ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಪೆನ್ಸಿಲ್ಲಿನಲ್ಲಿ ಒಂದೊಂದೇ ಸುತ್ತು ಬರೆದಳು, ಪಕ್ಕದಲ್ಲಿ ಉತ್ತರ. ಬೆರಳಿಟ್ಟು ಎಣಿಸಿದಳು. ಎರಡು ಸಲ. ಆಮೇಲೆ 10 ಅಳಿಸಿ 11 ಮಾಡಿದಳು.

"ಹನ್ನೊಂದರ ಬಾಗಲದಾಗ ನಿಂದರತೈತ್ರಿ. ಒಳಗ ಹೋಗಂಗಿಲ್ಲ."

ಎಷ್ಟು ಚೆಂದ ಹೇಳಿದಳು, ಅಲ್ವಾ? ಮುಂದಿನ ಕ್ಲಾಸಿನಿಂದ ನಾನೂ ಹೀಗೇ ಹೇಳುತ್ತೇನೆ.

ಹೊರಡುವಾಗ ಅವಳಿಗೆ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ಬಗ್ಗೆ ಹೇಳಿದೆ. 1989ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ, ಶಾಲೆಯ ಮಕ್ಕಳಿಗೇ ಇರುವುದು. ಅದಕ್ಕೆ ನಮ್ಮ ದೇಶದಲ್ಲಿ ನಡೆಯುವ ಆಯ್ಕೆಯ ಮೊದಲ ಹಂತದಲ್ಲಿ ಪೆನ್ನು-ಕಾಗದದ ಒಂದು ಪರೀಕ್ಷೆಯೂ ಇದೆ. ಆ ಪರೀಕ್ಷೆಗೆ ಕೋಡ್ ಬರೆಯುವುದೇ ಬೇಡ, ಇವಳು ಮಾಡಿದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಯೋಚಿಸಿ ಉತ್ತರ ಬರೆಯಬೇಕು.

"ಮನ್ಯಾಗ ಕಂಪ್ಯೂಟರ್ ಇಲ್ಲದವ್ರೂ ಬರೀಬಹುದೇನ್ರೀ?"

ಬರೀಬಹುದವ್ವಾ ಅಂದೆ. ಆ ಪ್ರಶ್ನೆ ಕೇಳುವಾಗ ಅವಳ ಕೈ ಇನ್ನೂ ಆ ಪೆನ್ಸಿಲ್ ಪುಟದ ಮೇಲೇ ಇತ್ತು.

ಈಗ ಹುಬ್ಬಳ್ಳಿ ಬಸ್ಸಿನಲ್ಲಿದ್ದೇನೆ. ಅಣ್ಣಿಗೇರಿ ದಾಟಿತು. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮೊಬೈಲಿನಲ್ಲಿ ತೆರೆದು, ಮೊದಲ ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯುತ್ತಾ ಕೂತಿದ್ದೇನೆ.