ಕೇಳಿಸಿತ್ತು, ಕೇಳಿರಲಿಲ್ಲ

ಹೋದ ಆಷಾಢದ ಒಂದು ಸಂಜೆ. ಆಫೀಸಿನಿಂದ ಬಂದು, ಒದ್ದೆ ಕೊಡೆಯನ್ನು ಬಾಗಿಲ ಹಿಂದೆ ಸಿಕ್ಕಿಸಿ, ಸೋಫಾದ ಮೇಲೆ ಕೂತಿದ್ದೆ. ಕೈಯಲ್ಲಿ ಫೋನು. ಮಳೆಗೆ ಟ್ರೈನು ಲೇಟು, ಮುಂಬೈಯ ಫೋರ್ಟಿನಿಂದ ಡೊಂಬಿವಲಿವರೆಗೂ ನಿಂತೇ ಬಂದಿದ್ದೆ. ಅಮ್ಮ ಅಡುಗೆಮನೆಯಲ್ಲಿ ಗಂಜಿಗೆ ಕುಚ್ಚಲಕ್ಕಿ ತೊಳೆಯುತ್ತಾ ಏನೋ ಹೇಳಿದಳು. ನಾನು "ಹೂಂ" ಅಂದೆ. ಇನ್ನೊಂದು ಮಾತು ಹೇಳಿದಳು. ಅದಕ್ಕೂ "ಹೂಂ". ಅಷ್ಟೇ ನಡೆದದ್ದು.

ಮೂರನೇ ದಿನ ಬೆಳಿಗ್ಗೆ ಅಮ್ಮ ಬಚ್ಚಲುಮನೆಯಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು, "ಮುಂಚೆ ತಲೆ ಸುತ್ತು ಅಂತ ಏನಾದರೂ ಹೇಳಿದ್ದರಾ?" ಅಂತ ಕೇಳಿದರು. "ಇಲ್ಲ" ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಆಗ ನನಗೆ ಹಾಗೇ ಗೊತ್ತಿದ್ದದ್ದು. ರಾತ್ರಿ ಒಂದು ಗಂಟೆ ಹೊತ್ತಿಗೆ, ಫೋನಿನ ಚಾರ್ಜು ಮುಗಿದು, ವಾರ್ಡಿನ ಸ್ಟೂಲಿನ ಮೇಲೆ ಸುಮ್ನೆ ಗೋಡೆ ನೋಡುತ್ತಾ ಕೂತಿದ್ದಾಗ ಆ ಸಂಜೆಯ ಮಾತು ಪೂರ್ತಿ ನೆನಪಿಗೆ ಬಂತು. "ಬಗ್ಗಿ ಎದ್ದರೆ ಕಣ್ಣು ಕತ್ತಲೆ ಬರ್ತದೆ ಮಗಾ, ಎರಡು ದಿನ ಆಯ್ತು." ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಅಕ್ಕಿ ತೊಳೆಯುವ ಸದ್ದು ಕೂಡ ಇತ್ತು ಅದರ ಜೊತೆ.

ನಮ್ಮ ಭಾಷೆಯಲ್ಲಿ ಕೇಳಿಸುವುದು ಬೇರೆ, ಕೇಳುವುದು ಬೇರೆ. ಕೇಳಿಸುವುದು ಕಿವಿಯ ಕೆಲಸ, ಅದಕ್ಕೆ ನಾವು ಬೇಡ. ಕೇಳಬೇಕಾದರೆ ನಾವು ಅಲ್ಲಿ ಇರಬೇಕು. ನನಗೆ ಕೇಳಿಸಿತ್ತು, ನಾನು ಕೇಳಿರಲಿಲ್ಲ. ಬಿಪಿ ಮಾತ್ರೆ ಸ್ವಲ್ಪ ಜಾಸ್ತಿಯಾಗಿತ್ತಂತೆ, ಅಷ್ಟೇ. ಒಂದು ಸಲ ಡಾಕ್ಟರಿಗೆ ತೋರಿಸಿದ್ದರೆ ಅಮ್ಮ ಬೀಳುತ್ತಲೇ ಇರಲಿಲ್ಲವೇನೋ.

ನಾನು ಒಳ್ಳೆಯ ಮಗಳು ಅಂತಲೇ ಅಂದುಕೊಂಡಿದ್ದೆ. ಔಷಧಿ ತರುತ್ತೇನೆ, ಬಿಲ್ಲು ಕಟ್ಟುತ್ತೇನೆ, ಊರಿಗೆ ಟಿಕೆಟ್ ಮಾಡಿಸುತ್ತೇನೆ. ದೇವರಿಗೆ ದೀಪವನ್ನೂ ತಪ್ಪಿಸುವುದಿಲ್ಲ. ಆದರೆ ದೀಪ ಹಚ್ಚುವಾಗ ತಲೆಯೊಳಗೆ 7.52ರ ಲೋಕಲ್, ಟ್ರೈನಿನಲ್ಲಿ ಆಫೀಸಿನ ಲೆಕ್ಕ, ಆಫೀಸಿನಲ್ಲಿ ರಾತ್ರಿಯ ಅಡುಗೆ, ಅಡುಗೆ ಮಾಡುವಾಗ ನಾಳೆಯ ಟ್ರೈನು. ಹತ್ತೊಂಬತ್ತು ವರ್ಷ ಹೀಗೇ ಹೋಗಿದೆ. ಆಮೇಲೆ ಓದಿದೆ, ಹಾರ್ವರ್ಡಿನ ಮನಶ್ಶಾಸ್ತ್ರಜ್ಞರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರ ಫೋನಿಗೆ ದಿನದ ಯಾವ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಖುಷಿಯಾಗಿದ್ದೀರಾ ಅಂತ ಕೇಳಿದ್ದರಂತೆ. 2010ರಲ್ಲಿ ಅದು ಪ್ರಕಟವಾಯಿತು. 46.9% ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಹಾಗೆ ಅಲೆಯುತ್ತಿದ್ದಾಗ ಅವರ ಖುಷಿಯೂ ಕಡಿಮೆ ಇತ್ತು. ಅಂದರೆ ಹತ್ತಿರ ಹತ್ತಿರ ಅರ್ಧ ಆಯುಷ್ಯ! ನನ್ನದು ಅರ್ಧಕ್ಕಿಂತ ಜಾಸ್ತಿಯೇ ಇರಬೇಕು.

ಆಸ್ಪತ್ರೆಯಲ್ಲಿ ಇನ್ನೊಂದು ನೋಡಿದೆ. ರಾತ್ರಿ ಪಾಳಿಯಲ್ಲಿ ವಯಸ್ಸಾದ ಒಬ್ಬ ನರ್ಸ್ ಇದ್ದರು. ಹತ್ತು-ಹನ್ನೆರಡು ಹಾಸಿಗೆ ಅವರೊಬ್ಬರ ಮೇಲೆ, ನಿಲ್ಲಲು ಪುರುಸೊತ್ತಿಲ್ಲ. ಆದರೆ ನಾಡಿ ನೋಡಲು ಅಮ್ಮನ ಮಣಿಕಟ್ಟು ಹಿಡಿದರು ಅಂದರೆ ಆ ಅರ್ಧ ನಿಮಿಷ ಬೇರೆ ಯಾವುದೂ ಇಲ್ಲ. ಒಂದು ಕಣ್ಣು ಗಡಿಯಾರದ ಮೇಲೆ, ಮೂರು ಬೆರಳು ಮಣಿಕಟ್ಟಿನ ಮೇಲೆ. ಪಕ್ಕದ ಹಾಸಿಗೆಯವರು ಕರೆದರೂ ತಿರುಗುತ್ತಿರಲಿಲ್ಲ. ಎಣಿಸಿ ಮುಗಿಸಿ, ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟು, ಆಮೇಲೆ ಅತ್ತ ಹೋಗುತ್ತಿದ್ದರು. ಅಮ್ಮ ಒಂದು ದಿನ ಅಂದಳು, "ಅವರು ಕೈ ಹಿಡಿದರೆ ನೋವು ಕಮ್ಮಿ ಆದ ಹಾಗೆ ಆಗ್ತದೆ." ನಾನು ಇಡೀ ರಾತ್ರಿ ಪಕ್ಕದಲ್ಲೇ ಕೂತಿರುತ್ತಿದ್ದೆ. ಅವರು ಬರುತ್ತಿದ್ದದ್ದು ಅರ್ಧ ನಿಮಿಷ.

ಅಮ್ಮ ವಾಕರ್ ಹಿಡಿದು ನಡೆಯಲು ಶುರು ಮಾಡಿದ ಮೇಲೆ, ಒಂದು ಭಾನುವಾರ ಆಫೀಸಿನ ಗೆಳತಿಯೊಬ್ಬಳು ನನ್ನನ್ನು ಗೊರಾಯಿಯ ಪಗೋಡಕ್ಕೆ, ಅಂದರೆ ಬುದ್ಧನ ವಿಪಶ್ಯನ ಧ್ಯಾನ ಮಾಡುವ ಮಂದಿರಕ್ಕೆ, ಕರೆದುಕೊಂಡು ಹೋದಳು. ಬೊರಿವಲಿಯಲ್ಲಿ ಇಳಿದು, ಗೊರಾಯಿ ಜೆಟ್ಟಿಯಿಂದ ಫೆರಿಯಲ್ಲಿ ಖಾಡಿ ದಾಟಬೇಕು. ದೂರದಿಂದಲೇ ಚಿನ್ನದ ಬಣ್ಣದ ಗೋಪುರ ಕಾಣುತ್ತದೆ, ಸುಮಾರು 325 ಅಡಿ ಎತ್ತರ. 2009ರಲ್ಲಿ ಉದ್ಘಾಟನೆಯಾದದ್ದು. ಒಳಗೆ ಎಂಟು ಸಾವಿರ ಜನ ಒಟ್ಟಿಗೆ ಕೂರಬಹುದಾದ ಧ್ಯಾನದ ಸಭಾಂಗಣ, ನಡುವೆ ಒಂದೂ ಕಂಬ ಇಲ್ಲ. ಹತ್ತು ದಿನದ ಶಿಬಿರ ಮಾಡಿದವರಿಗೆ ಮಾತ್ರ ಅದರೊಳಗೆ ಕೂರಲು ಅವಕಾಶ, ನಾವು ಗಾಜಿನಾಚೆಯಿಂದ ನೋಡಿದೆವು. ಹೊಸಬರಿಗೆ ಬೇರೆ ಕಡೆ ಸ್ವಲ್ಪ ಹೊತ್ತು ಆನಾಪಾನ ಹೇಳಿಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ಮಾಡಬೇಕಾದದ್ದು ಇಷ್ಟೇ. ಕಣ್ಣು ಮುಚ್ಚಿ ಕೂತು ಉಸಿರು ಮೂಗಿನೊಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸುವುದು. ಉಸಿರನ್ನು ಉದ್ದ ಮಾಡಬೇಡಿ, ತಡೆಯಬೇಡಿ, ಇದ್ದ ಹಾಗೆ ನೋಡಿ. ನಾನು ನಾಲ್ಕು ಉಸಿರು ನೋಡಿದೆ. ಐದನೆಯದಕ್ಕೆ ಫಿಸಿಯೋಥೆರಪಿಯ ಬಿಲ್ಲು ನೆನಪಾಯಿತು.

ಮನೆಗೆ ಬರುವಾಗ ಒಂದು ಅಳುಕು ಇತ್ತು. ನಮ್ಮದು ಉಡುಪಿ ಕೃಷ್ಣನಿಗೆ ನಡೆದುಕೊಳ್ಳುವ ಮನೆ, ಬುದ್ಧನ ಜಾಗಕ್ಕೆ ಹೋಗಿ ಕಣ್ಣು ಮುಚ್ಚಿ ಕೂತು ಬಂದೆ ಅಂದರೆ ಅಮ್ಮ ಏನನ್ನುತ್ತಾಳೋ ಅಂತ. ಹೇಳಿದೆ. ಅಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ಕಣ್ಣು ಮುಚ್ಚಿ ಕೂತುಕೊಳ್ಳಲಿಕ್ಕೆ ಯಾರ ಮನೆ ಆದರೆ ಎಂತ?" ಅಂದಳು. ಆಗ ನೆನಪಾಯಿತು. ಅಪ್ಪನಿಗೆ ಕಾಮಾಲೆ ಆಗಿದ್ದ ವರ್ಷ ಅಮ್ಮ ಮಾಹಿಮ್ ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆಗೆ ತಪ್ಪದೆ ಹೋಗಿ ಮೇಣದ ಬತ್ತಿ ಹಚ್ಚಿ ಬರುತ್ತಿದ್ದಳು, ಮಂಗಳವಾರ ಪ್ರಭಾದೇವಿಗೆ ಸಿದ್ಧಿವಿನಾಯಕನ ಸಾಲಿಗೆ, ಶನಿವಾರ ಮಾಟುಂಗದ ಗುಡಿಗೆ. ಹೋದಲ್ಲಿ ಎಲ್ಲ ಅದೇ ಭಕ್ತಿ, ಅದೇ ಸೆರಗು ತಲೆ ಮೇಲೆ. ಈ ಊರಿನಲ್ಲಿ ಐವತ್ತು ವರ್ಷ ಬಾಳಿದ ನಮ್ಮ ಹೆಂಗಸರಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಅಧ್ಯಾತ್ಮ ಅಂತ ದೊಡ್ಡ ಹೆಸರಿಟ್ಟು ಹುಡುಕುತ್ತಿದ್ದವಳು ನಾನು.

ಜನವರಿಯಲ್ಲಿ, ಕುಂದಾಪುರದಿಂದ ಚಿಕ್ಕಮ್ಮ ಬಂದು ಅಮ್ಮನ ಜೊತೆ ಇದ್ದಾಗ, ಇಗತ್‌ಪುರಿಯ ಧಮ್ಮಗಿರಿ ಎಂಬ ವಿಪಶ್ಯನ ಕೇಂದ್ರಕ್ಕೆ ಹತ್ತು ದಿನದ ಶಿಬಿರಕ್ಕೆ ಹೋದೆ. ಡೊಂಬಿವಲಿಯಿಂದ ಕಸಾರಾ ಘಾಟು ಹತ್ತಿದರೆ ಇಗತ್‌ಪುರಿ, ದೂರವೇನಿಲ್ಲ. ಫೋನು ಮೊದಲ ದಿನವೇ ಒಪ್ಪಿಸಬೇಕು. ಮಾತಿಲ್ಲ, ಓದುವುದಿಲ್ಲ, ಬರೆಯುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ನಾಲ್ಕೂವರೆಗೆ ಕೂರಬೇಕು, ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಹೊಸಬರಿಗೆ ಚಹಾ, ಸ್ವಲ್ಪ ತಿಂಡಿ. ಊಟಕ್ಕೆ, ಇರುವುದಕ್ಕೆ ಶುಲ್ಕ ಇಲ್ಲ, ಹಿಂದೆ ಕಲಿತು ಹೋದವರ ದಾನದಿಂದ ನಡೆಯುತ್ತದೆ. ಕಲಿಸುವುದು ಎಸ್. ಎನ್. ಗೋಯಂಕಾ ಅವರ ಧ್ವನಿಮುದ್ರಣ. ಅವರು ತೀರಿಕೊಂಡದ್ದು 2013ರಲ್ಲಿ. ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದ ವ್ಯಾಪಾರಿ, ತಡೆಯಲಾಗದ ಮೈಗ್ರೇನ್ ತಲೆನೋವಿಗೆ ದಾರಿ ಹುಡುಕುತ್ತಾ ಈ ಧ್ಯಾನಕ್ಕೆ ಬಂದವರು. 1969ರಲ್ಲಿ ಭಾರತಕ್ಕೆ ಬಂದು ಮೊದಲ ಶಿಬಿರ ನಡೆಸಿದ್ದು ನಮ್ಮ ಮುಂಬೈಯಲ್ಲೇ. ಅವರ ಗುರು ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು. ದಿನವಿಡೀ ಲೆಕ್ಕಪತ್ರದಲ್ಲಿ ಮುಳುಗಿರುವ ನನಗೆ ಇದು ಬಹಳ ಧೈರ್ಯ ಕೊಟ್ಟಿತು, ಲೆಡ್ಜರ್ ನೋಡುವವರಿಗೂ ಇದು ಸಾಧ್ಯ ಅಂತ.

ಮೊದಲ ಮೂರು ದಿನ ಬರೀ ಉಸಿರು. ಶಾಂತಿ ಸಿಗುತ್ತದೆ ಅಂದುಕೊಂಡಿದ್ದೆ, ಸಿಕ್ಕಿದ್ದು ಸಿಟ್ಟು. ಪಕ್ಕದವರು ಕೆಮ್ಮಿದರೆ ಸಿಟ್ಟು, ಬೆನ್ನು ನೋವಿಗೆ ಸಿಟ್ಟು, ಇಪ್ಪತ್ತು ವರ್ಷದ ಹಿಂದೆ ಅತ್ತಿಗೆ ಅಂದ ಒಂದು ಮಾತು ಎಲ್ಲಿಂದಲೋ ಎದ್ದು ಬಂದು ಅದಕ್ಕೊಂದು ಸಿಟ್ಟು. ಓಡಿಹೋಗೋಣ ಅನಿಸಿತು. ನಾಲ್ಕನೇ ದಿನ ವಿಪಶ್ಯನ ಶುರುವಾಗುತ್ತದೆ. ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏನೇನು ಆಗುತ್ತಿದೆ ಅಂತ ಒಂದೊಂದೇ ಕಡೆ ನೋಡುತ್ತಾ ಹೋಗುವುದು, ಒಳ್ಳೆಯದಾಗಲಿ ಕೆಟ್ಟದಾಗಲಿ ಅದಕ್ಕೆ ಜೋತು ಬೀಳದೆ. ಆಮೇಲಿಂದ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈಕಾಲು ಅಲ್ಲಾಡಿಸದೆ ಕೂರಬೇಕು. ಐದನೇ ದಿನವೋ ಆರನೇ ದಿನವೋ ಹಾಗೆ ಕೂತಿದ್ದಾಗ ಮೊಣಕಾಲಿನ ನೋವು ನೋಡುತ್ತಾ ನೋಡುತ್ತಾ ಚಿಕ್ಕ ಚಿಕ್ಕ ಮಿಡಿತಗಳಾಗಿ ಒಡೆದುಹೋಯಿತು, ಅದೇ ಹೊತ್ತಿಗೆ ಅಮ್ಮ ಅಕ್ಕಿ ತೊಳೆಯುವ ಸದ್ದು ಬಂತು. ಅತ್ತುಬಿಟ್ಟೆ. ಸದ್ದಿಲ್ಲದೆ, ಅಲ್ಲಾಡದೆ, ಗಂಟೆ ಮುಗಿಯುವವರೆಗೂ ಅತ್ತೆ. ಅಮ್ಮ ಬಿದ್ದ ದಿನ ಕೂಡ ನಾನು ಅತ್ತಿರಲಿಲ್ಲ, ಓಡಾಟದಲ್ಲೇ ಇದ್ದೆ.

ಎಲ್ಲರೂ ಹೋಗಿ ಅಂತ ನಾನು ಹೇಳುವುದಿಲ್ಲ. ಹತ್ತು ದಿನ ರಜೆ ಎಷ್ಟು ಜನರಿಗೆ ಸಿಗುತ್ತದೆ? ಮನಸ್ಸಿನ ಕಾಯಿಲೆಗೆ ಔಷಧಿಯಲ್ಲಿರುವವರು ಡಾಕ್ಟರನ್ನು ಕೇಳದೆ ಖಂಡಿತ ಹೋಗಬಾರದು, ಅರ್ಜಿಯಲ್ಲೇ ಅದನ್ನು ಕೇಳುತ್ತಾರೆ, ಮುಚ್ಚಿಡಬೇಡಿ. ದಿನಕ್ಕೆ ಎರಡು ಗಂಟೆ ಕೂರಿ ಅಂತ ಕೊನೆಗೆ ಹೇಳಿ ಕಳಿಸಿದರು, ನನ್ನಿಂದ ಅಷ್ಟು ಆಗುತ್ತಿಲ್ಲ. ಬೆಳಿಗ್ಗೆ ಇಪ್ಪತ್ತು ನಿಮಿಷ ಕೂರುತ್ತೇನೆ. ಟ್ರೈನಿನಲ್ಲಿ ಠಾಣೆ ದಾಟಿದ ಮೇಲೆ ಫೋನು ಬ್ಯಾಗಿನೊಳಗೆ. ಲೇಡೀಸ್ ಡಬ್ಬಿಯಲ್ಲಿ ಬಟಾಣಿ ಬಿಡಿಸುವವರನ್ನು ನೋಡುತ್ತೇನೆ, ನಿಂತಲ್ಲೇ ನಿದ್ದೆ ಹೋದ ಹುಡುಗಿಯನ್ನು ನೋಡುತ್ತೇನೆ. ಮುಂಬ್ರಾ ಹತ್ತಿರ ಗುಡ್ಡದ ಮೇಲೆ ಒಂದು ದೇವಿಯ ಗುಡಿ ಇದೆ, ಮಳೆಗಾಲದಲ್ಲಿ ಆ ಗುಡ್ಡದಿಂದ ಬೆಳ್ಳಗೆ ನೀರು ಇಳಿಯುತ್ತದೆ. ಹತ್ತೊಂಬತ್ತು ವರ್ಷ ಅದರ ಬುಡದಲ್ಲೇ ದಿನಕ್ಕೆರಡು ಸಲ ಹಾದುಹೋಗಿದ್ದೇನೆ. ಈ ಜೂನಿನಲ್ಲಿ ಮೊದಲ ಸಲ ಕತ್ತೆತ್ತಿ ನೋಡಿದೆ.

ಈಗ ಸಂಜೆ ಬಂದರೆ ಮೊದಲು ಅಮ್ಮನ ಮಂಚದ ಪಕ್ಕ ಕೂರುತ್ತೇನೆ. ಅಮ್ಮನಿಗೆ ಹೇಳಲು ಹೊಸದೇನೂ ಇರುವುದಿಲ್ಲ, ಹಳೆಯ ಕಥೆಗಳೇ. ಮೊನ್ನೆ ಮತ್ತೆ ಅದನ್ನೇ ತೆಗೆದಳು, 1974ರಲ್ಲಿ ಮದುವೆಯಾಗಿ ಮುಂಬೈಗೆ ಬಂದದ್ದು. ಕೊಂಕಣ ರೈಲು ಆಗ ಎಲ್ಲಿತ್ತು, ಅದು ಪೂರ್ತಿಯಾದದ್ದು 1998ರಲ್ಲಿ. ಹುಬ್ಬಳ್ಳಿ, ಕೊಲ್ಹಾಪುರ ಅಂತ ಬಸ್ಸು ಬದಲಿಸುತ್ತಾ ಬಂದದ್ದು, ಮಾಹಿಮಿನ ಚಾಳು, ಅಪ್ಪ ನಸುಕಿಗೇ ಎದ್ದು ಮಾಟುಂಗದ ಹೋಟೆಲಿಗೆ ಹೋಗುತ್ತಿದ್ದದ್ದು. ಮುಂಚೆ ಆಗಿದ್ದರೆ "ಗೊತ್ತಮ್ಮ, ಹತ್ತು ಸಲ ಹೇಳಿದ್ದಿ" ಅಂತ ಅಲ್ಲಿಗೇ ಮುಗಿಸುತ್ತಿದ್ದೆ. ಮೊನ್ನೆ ಮಾತು ಕಡಿಯಲಿಲ್ಲ. ಅಮ್ಮನ ಮುಖ ನೋಡುತ್ತಾ ಕೂತೆ.

"ನಾಲ್ಕು ಗಂಟೆಗೆ ನಳ್ಳಿ ನೀರು ಬರ್ತಿತ್ತು ಚಾಳಿನಲ್ಲಿ," ಅಂದಳು. "ಕೊಡ ಹಿಡಿದು ಸಾಲಲ್ಲಿ ನಿಲ್ಲಬೇಕು. ನನಗೆ ಮರಾಠಿ ಒಂದು ಅಕ್ಷರ ಬರ್ತಿರಲಿಲ್ಲ. ಮೊದಲನೇ ದಿನ ಹಿಂದೆ ಗೋಡೆ ಹತ್ತಿರ ನಿಂತೇ ಇದ್ದೆ. ಆಗ ಮುಂದೆ ಇದ್ದ ಒಬ್ಬಳು ತಿರುಗಿ ನೋಡಿದಳು. ನನ್ನ ಕೈಯಿಂದ ಕೊಡ ತೆಗೆದುಕೊಂಡು, ತನ್ನದಕ್ಕಿಂತ ಮುಂಚೆ ನನ್ನದು ತುಂಬಿಸಿದಳು. ಭಾಷೆ ಇಲ್ಲದ್ದಕ್ಕೆ ನಾನು ಎಲ್ಲರ ಮುಖ ನೋಡಿ ನೋಡಿ ಅರ್ಥ ಮಾಡಿಕೊಳ್ತಿದ್ದೆ ಮಗಾ. ಅವಳ ಮುಖ ಈಗಲೂ ಹಾಗೇ ಉಂಟು ಕಣ್ಣಲ್ಲಿ."

ಈ ನಳ್ಳಿಯ ಮಾತು ನಾನು ಕೇಳಿರಲೇ ಇಲ್ಲ. ಅಮ್ಮ ಎಷ್ಟು ಸಲ ಹೇಳಲು ಹೊರಟು ನಾನು ನಡುವೆ ಎದ್ದು ಹೋಗಿದ್ದೆನೋ.

"ಆಮೇಲೆ ಎಂತಾಯ್ತು ಅಮ್ಮ?" ಅಂತ ಕೇಳಿದೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದು ಬಂತು. ಎದ್ದು ಹೋಗಿ ಗ್ಯಾಸ್ ಆರಿಸಿ ಬಂದು ಮತ್ತೆ ಅಲ್ಲೇ ಕೂತೆ. ಅಮ್ಮ ಕಾಲು ಸ್ವಲ್ಪ ಸರಿಸಿ ನನಗೆ ಜಾಗ ಮಾಡಿಕೊಟ್ಟಳು.