ಸಮುವೇಲ ಇಂಗ್ಲಿಷ್ ಹೆಸರಲ್ಲ

ನನ್ನ ಹೆಸರಿನ ಅರ್ಥ ಕೇಳಿದರೆ ನನಗೆ ಬೇಜಾರಿಲ್ಲ. ಕೇಳುವ ರೀತಿಗೆ ಬೇಜಾರು. ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯ ಹಿರಿಯರು ಹೆಸರು ಕೇಳಿದರು. ಹೇಳಿದೆ. "ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಿ, ಇಂಗ್ಲಿಷ್ ಹೆಸರು ಯಾಕಪ್ಪಾ ಇಟ್ರು?" ಅಂದರು. ಎಲೆ ಮುಂದೆ ಕೂತು ವಾದ ಬೇಡ ಅಂತ ಸುಮ್ಮನಾದೆ. ಪಾಯಸವೂ ರುಚಿಸಲಿಲ್ಲ. ಅವತ್ತು ನುಂಗಿಕೊಂಡ ಮಾತು ಇದು.

ಸಮುವೇಲ ಯೆಹೂದ್ಯರ ಹಳೆಯ ಭಾಷೆ ಹೀಬ್ರೂವಿನ ಹೆಸರು ಸ್ವಾಮಿ. ಇಂಗ್ಲಿಷ್ ಅನ್ನುವ ಭಾಷೆ ಹುಟ್ಟುವ ಎಷ್ಟೋ ನೂರು ವರ್ಷ ಮೊದಲೇ ಜನ ಕರೆಯುತ್ತಿದ್ದ ಹೆಸರು. ಮೂಲದಲ್ಲಿ ಶ್ಮುಎಲ್. ಕೊನೆಯ 'ಏಲ್' ಅಂದರೆ ದೇವರು. ದಾನಿಯೇಲ, ಗಬ್ರಿಯೇಲ, ಮಿಕಾಯೇಲ, ಎಲ್ಲರ ಬಾಲದಲ್ಲೂ ಅದೇ ಇದೆ. ಮೊದಲ ಭಾಗ 'ಶೇಮ್', ಅಂದರೆ ಹೆಸರು. ಎರಡೂ ಸೇರಿ 'ದೇವರ ಹೆಸರು' ಅಂತ ಬಿಡಿಸುವವರು ಜಾಸ್ತಿ. 'ದೇವರು ಕೇಳಿಸಿಕೊಂಡ' ಅಂತಲೂ ಹೇಳುತ್ತಾರೆ. ಆದರೆ ಆ ಅರ್ಥ ಸರಿಯಾಗಿ ಕೂರುವುದು ಇಷ್ಮಾಯೇಲ ಅನ್ನುವ ಹೆಸರಿಗೆ.

ಬೈಬಲಿನಲ್ಲಿ ಪ್ರವಾದಿ ಸಮುವೇಲನ ತಾಯಿ ಹನ್ನ ಈ ಹೆಸರಿಗೆ ಹೇಳುವ ಕಾರಣವೇ ಬೇರೆ. ಇವನನ್ನು ಯೆಹೋವ ದೇವರಲ್ಲಿ ಬೇಡಿ ಪಡೆದೆ ಅನ್ನುತ್ತಾಳೆ. ಹೀಬ್ರೂ ಬಲ್ಲವರು ಇಲ್ಲಿ ತಡೆದು ನಿಲ್ಲುತ್ತಾರೆ. 'ಬೇಡಿ ಪಡೆದ' ಅನ್ನಲು ಇರುವ ಮಾತು 'ಶಾಊಲ್'. ಅದು ಇಸ್ರಾಯೇಲಿನ ಮೊದಲ ಅರಸ ಸೌಲನ ಹೆಸರು! ಆ ಸೌಲನ ತಲೆಗೆ ಎಣ್ಣೆ ಹೊಯ್ದು ಅರಸನನ್ನಾಗಿ ಮಾಡಿದವನು ಇದೇ ಸಮುವೇಲ. ಪಂಡಿತರು ಏನಾದರೂ ಹೇಳಲಿ, ನನಗೆ ಹೆತ್ತವಳ ಮಾತೇ ಸಾಕು.

ಇನ್ನು 'ಕ್ರಿಶ್ಚಿಯನ್ನರ ಹೆಸರು' ಅನ್ನುವವರಿಗೆ ಒಂದು ಮಾತು. ಇವನು ಯೆಹೂದ್ಯರ ಪ್ರವಾದಿ. ಜೆರೂಸಲೇಮಿನ ವಾಯವ್ಯಕ್ಕೆ ನಬಿ ಸಮ್‌ವಿಲ್ ಅಂತ ಒಂದು ಗುಡ್ಡವಿದೆ. ಇವನ ಸಮಾಧಿ ಅಲ್ಲೇ ಅಂತ ನಂಬಿಕೆ. ಮೇಲೆ ಮಸೀದಿ, ಕೆಳಗೆ ಸಮಾಧಿಯ ಹತ್ತಿರ ಯೆಹೂದ್ಯರ ಪ್ರಾರ್ಥನೆ.

ಇಷ್ಟು ವರ್ಷದಲ್ಲಿ ಹನ್ನಳ ಬಗ್ಗೆ ಮಾತ್ರ ಒಬ್ಬರೂ ನನ್ನನ್ನು ಕೇಳಿಲ್ಲ. ಹರಕೆ ಹೊತ್ತು ಮಕ್ಕಳನ್ನು ಪಡೆಯುವ ನಮ್ಮವರಿಗೆ ಅವಳು ತೀರ ಹತ್ತಿರದವಳು. ಮಕ್ಕಳಿಲ್ಲ ಅಂತ ಸವತಿ ಪೆನಿನ್ನಳಿಂದ ಚುಚ್ಚುಮಾತು ಕೇಳಿದವಳು. ಶೀಲೋವಿನ ದೇವಾಲಯದಲ್ಲಿ ನಿಂತು, ಗಂಡು ಮಗು ಕೊಟ್ಟರೆ ನಿನಗೇ ಒಪ್ಪಿಸುತ್ತೇನೆ ಅಂತ ಹರಕೆ ಹೊತ್ತಳು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರಿದ. ಮುಂದೆ ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್‌ನ ಗುರುಗಳು ಪ್ರಾರ್ಥನೆ ಹೇಗಿರಬೇಕು ಅಂತ ಕಲಿತದ್ದು ಅವಳಿಂದಲೇ. ತುಟಿ ಅಲುಗಬೇಕು, ದನಿ ಏರಬಾರದು. ಯೆಹೂದ್ಯರ ಹೊಸ ವರ್ಷ ರೋಷ್ ಹಶಾನಾದ ಮೊದಲ ದಿನ ಅವರ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲಿ ಈಗಲೂ ಅವಳ ಕಥೆ ಓದುತ್ತಾರೆ.

ನಮ್ಮಮ್ಮನೂ ಮದುವೆಯಾಗಿ ಒಂಬತ್ತು ವರ್ಷ ಕಾದು ನನ್ನನ್ನು ಹೆತ್ತವಳು. ಹೆಸರು ಅವಳೇ ಇಟ್ಟಳು. ಮನೆಯಲ್ಲಿ ಈ ಕಥೆ ಓದುವಾಗ ಅವಳು ಒಂದೇ ಕಡೆ ನಿಲ್ಲಿಸುತ್ತಿದ್ದಳು. ಹನ್ನ ಮೊಲೆ ಬಿಡಿಸಿದ ಮಗುವನ್ನು ಶೀಲೋವಿನಲ್ಲಿ ಬಿಟ್ಟು ಮನೆಗೆ ಬರುತ್ತಾಳೆ. ಆಮೇಲೆ ವರ್ಷಕ್ಕೊಮ್ಮೆ ಹೋಗುವಾಗ ಅವನಿಗೆ ಒಂದು ಪುಟ್ಟ ನಿಲುವಂಗಿ ಮಾಡಿಕೊಂಡು ಒಯ್ಯುತ್ತಾಳೆ. ಅಮ್ಮ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ಕನ್ನಡಕ ತೆಗೆದು ಕೇಳುತ್ತಿದ್ದಳು:

"ಒಂದು ವರ್ಷ ಕಣ್ಣಿಗೆ ಬೀಳದ ಮಗುವಿಗೆ ಅವಳು ಅಳತೆ ಹೇಗೆ ಹಿಡಿದಳೋ?"