ದಿನಾಂಕ ಮಾತ್ರ ಬದಲಿಸಿ

“ಹೋದ ಸಲದ್ದೇ ಇದೆಯಲ್ಲ, ದಿನಾಂಕ ಮಾತ್ರ ಬದಲಿಸಿ ಕಳಿಸಿಬಿಡಿ” ಅಂದಿದ್ದರು ವಿಭಾಗದ ಮುಖ್ಯಸ್ಥರು. ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಒಂದೇ ವರ್ಷ ಮೂವರು ನಿವೃತ್ತರಾಗುವವರಿದ್ದರು. ಹೊಸಬರನ್ನು ಕರೆಯುವ ಜಾಹೀರಾತು ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಹಳೆಯ ಫೈಲು ತೆರೆದೆ, ದಿನಾಂಕ ತಿದ್ದಿದೆ, ಕಳಿಸಿದೆ. ಐದು ನಿಮಿಷದ ಕೆಲಸ. ‘ಸ್ಪೆಕ್ಟ್ರೋಸ್ಕೋಪಿಯಲ್ಲಿ ಪಿಎಚ್‌ಡಿ ಪಡೆದವರಿಗೆ ಆದ್ಯತೆ’ ಎಂಬ ಸಾಲು ಹಾಗೇ ಉಳಿಯಿತು. ಸ್ಪೆಕ್ಟ್ರೋಸ್ಕೋಪಿ ಅಂದರೆ ಬೆಳಕನ್ನು ಬಿಡಿಸಿ ನೋಡಿ ವಸ್ತುವಿನ ಗುಣ ತಿಳಿಯುವ ವಿದ್ಯೆ. 16 ವರ್ಷದ ಹಿಂದೆ ನನ್ನನ್ನು ಒಳಗೆ ಬಿಟ್ಟದ್ದೂ ಅದೇ ಸಾಲು, ಹಾಗಾಗಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ನಮ್ಮ ವಿಭಾಗಕ್ಕೊಂದು ವಂಶವೃಕ್ಷವಿದೆ. ನಿವೃತ್ತರಾಗುತ್ತಿದ್ದ ಹಿರಿಯರು ನನ್ನ ಗೈಡ್‌ಗೆ ಗೈಡ್, ಅಂದರೆ ಲೆಕ್ಕದಲ್ಲಿ ನನಗೆ ಅಜ್ಜ. 14 ಜನರಲ್ಲಿ 9 ಮಂದಿ ಅದೇ ಮರದ ರೆಂಬೆಗಳು. ಸೆಮಿನಾರಿನಲ್ಲಿ ಯಾರು ಯಾವ ಪ್ರಶ್ನೆ ಕೇಳುತ್ತಾರೆ ಅನ್ನುವುದು ಮೊದಲೇ ಗೊತ್ತಿರುತ್ತಿತ್ತು. ಇದು ನಮ್ಮೊಬ್ಬರ ಕಥೆಯಲ್ಲ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಅಮೆರಿಕದಲ್ಲೇ ಓದಿ ಅಲ್ಲೇ ಅಧ್ಯಾಪಕರಾದವರಲ್ಲಿ ಶೇಕಡಾ 80ರಷ್ಟು ಮಂದಿಗೆ ಪಿಎಚ್‌ಡಿ ಕೊಟ್ಟದ್ದು ಬರೀ ಶೇಕಡಾ 20ರಷ್ಟು ವಿಶ್ವವಿದ್ಯಾಲಯಗಳು. ಅಷ್ಟು ದೊಡ್ಡ ಕಾಡಿನಲ್ಲೂ ಬೀಜ ಬೀಳುವುದು ಕೆಲವೇ ಮರಗಳಿಂದ.

ಅರ್ಜಿ ಸೋಸುವ ದಿನ ನಾವು ಐವರು ಕೂತೆವು. ಹೊರಗಿನಿಂದ ಬಂದಿದ್ದ ಅಧ್ಯಕ್ಷರು, ಸಮಾಜಶಾಸ್ತ್ರದ ಮೇಡಂ, ಫೈಲು ಬಿಚ್ಚಲು ಬಿಡಲಿಲ್ಲ. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, “ಎಂಥವರು ಬೇಕು ಅಂತ ಮೊದಲು ಬರೀರಿ. ಆಮೇಲೆ ಹೆಸರು ನೋಡೋಣ” ಅಂದರು. ಪರೀಕ್ಷೆಗೆ ಕೂತ ಹಾಗಾಯಿತು. ಹಿರಿಯರಿಗೆ ಸ್ವಲ್ಪ ಸಿಟ್ಟೂ ಬಂತು.

ಹಾಳೆಗಳನ್ನು ಅವರು ಗಟ್ಟಿಯಾಗಿ ಓದಿದರು. ಪ್ರಯೋಗಾಲಯ ನಡೆಸುವವರು ‘ಉಪಕರಣ ಬಿಚ್ಚಿ ಕಟ್ಟಬಲ್ಲವರು’ ಅಂತ ಬರೆದಿದ್ದರು. ಥಿಯರಿಯವರಿಗೆ ‘ಗಣಿತ ಗಟ್ಟಿ ಇರುವವರು’ ಬೇಕಿತ್ತು. ಬೆಳಗ್ಗೆ ಆರಕ್ಕೇ ಬಂದು ಕೂರುವ ಹಿರಿಯರು ‘ಸಮಯಪಾಲನೆ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ನನ್ನದು: ‘ಸ್ಪೆಕ್ಟ್ರೋಸ್ಕೋಪಿ ಬಲ್ಲವರು.’ ಒಬ್ಬೊಬ್ಬರೂ ತಮ್ಮ ತಮ್ಮ ಪಾಸ್‌ಪೋರ್ಟ್ ಫೋಟೋ ಅಂಟಿಸಿದ ಹಾಗಿತ್ತು. ಮೊದಲು ನಕ್ಕವರು ಹಿರಿಯರೇ.

ಆಮೇಲೆ ಒಂದು ಗಂಟೆ ಜಗಳವಾಡಿ ನಾಲ್ಕು ಅಂಶ ಒಪ್ಪಿಕೊಂಡೆವು. ಪಾಠ, ಸ್ವಂತ ಸಂಶೋಧನೆ, ಇಲ್ಲಿ ಈಗ ಇಲ್ಲದ ಹೊಸ ವಿಷಯ, ವಿದ್ಯಾರ್ಥಿಗಳನ್ನು ಬೆಳೆಸಿದ ಅನುಭವ. ಮೂರನೆಯದನ್ನು ಸೇರಿಸಲು ನಾನೇ ತಕರಾರು ತೆಗೆದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆ. ಹೊಸ ವಿಷಯದವರು ಬಂದರೆ ನನ್ನ ಪಿಎಚ್‌ಡಿ ವಿದ್ಯಾರ್ಥಿಗಳು ಅತ್ತ ಹೋಗುತ್ತಾರೇನೋ ಎಂಬ ಪುಕ್ಕಲು ಒಳಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿಬಿದ್ದೆ. ಜೆಲ್, ನೊರೆಯಂಥ ಮೃದು ಪದಾರ್ಥಗಳ ಭೌತಶಾಸ್ತ್ರದಲ್ಲಿ ಕೆಲಸ ಮಾಡಿದ್ದ ಒಬ್ಬ ಮಹಿಳೆಯ ಅರ್ಜಿಯ ಅಂಚಿನಲ್ಲಿ ‘ಶ್ರಮಜೀವಿ. ಸ್ವಂತ ಹೊಳಹು?’ ಎಂದು ಪೆನ್ಸಿಲಿನಲ್ಲಿ ಗೀಚಿದ್ದೆ. ಮೇಡಂ ಹಾಳೆ ತಿರುಗಿಸಿ ನನ್ನ ಮುಂದಿಟ್ಟು, “ಈ ಪ್ರಶ್ನಾರ್ಥಕ ಚಿಹ್ನೆ ಎಲ್ಲಿಂದ ಬಂತು ಸರ್?” ಅಂದರು. ಹುಡುಕಿದೆ. ಅವರ ಪ್ರಬಂಧಗಳಲ್ಲಿ ಅನುಮಾನಕ್ಕೆ ಕಾರಣವೇ ಇರಲಿಲ್ಲ. ಎರಡು ಶಿಫಾರಸು ಪತ್ರಗಳಲ್ಲೂ ‘ತುಂಬಾ ಶ್ರಮಪಡುತ್ತಾರೆ’ ಎಂದಿತ್ತು, ನನ್ನ ಕೈ ಅದನ್ನೇ ಎತ್ತಿಕೊಂಡಿತ್ತು. ತಮಾಷೆಯೆಂದರೆ, 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಗೊತ್ತಿತ್ತು. ಅಮೆರಿಕದ ಒಂದು ವೈದ್ಯಕೀಯ ಕಾಲೇಜಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಓದಿ ನೋಡಿದರೆ, ಹೆಂಗಸರ ಪತ್ರಗಳು ಗಿಡ್ಡ, ಅವುಗಳಲ್ಲಿ ಶ್ರಮದ ಮಾತೇ ಹೆಚ್ಚು. ಗಂಡಸರ ಪತ್ರಗಳಲ್ಲಿ ಸಂಶೋಧನೆಯ ಮಾತು. ಇದನ್ನು ನಾನು ಒಂದು ಕಾರ್ಯಾಗಾರದಲ್ಲಿ ಸ್ಲೈಡ್ ಹಾಕಿ ವಿವರಿಸಿಯೂ ಇದ್ದೆ. ರಬ್ಬರು ತೆಗೆದು ಉಜ್ಜಿದೆ. ಪೆನ್ಸಿಲಿನ ಗುರುತು ಪೂರ್ತಿ ಹೋಗಲಿಲ್ಲ.

ಇನ್ನೊಬ್ಬ ಅಭ್ಯರ್ಥಿಯ ಸರದಿ ಬಂದಾಗ ಹಿರಿಯರು, “ಒಳ್ಳೇ ಕ್ಯಾಂಡಿಡೇಟೇ. ಆದ್ರೆ ನಮ್ಮ ಡಿಪಾರ್ಟ್‌ಮೆಂಟಿಗೆ ಹೊಂದಿಕೊಳ್ತಾರಾ ಅಂತ…” ಎಂದು ರಾಗ ಎಳೆದರು. ನಡಾವಳಿ ಬರೆಯುತ್ತಿದ್ದ ಗುಮಾಸ್ತರು ಪೆನ್ನು ಎತ್ತಿ ಹಿಡಿದು ವಿನಯದಿಂದಲೇ ಕೇಳಿದರು: “ಏನಂತ ಬರೀಲಿ ಸರ್?” ನಾಲ್ಕು ಅಂಶಗಳ ಪಟ್ಟಿಯಲ್ಲಿ ಹೊಂದಿಕೊಳ್ಳುವುದಕ್ಕೆ ಕಾಲಂ ಇರಲಿಲ್ಲ. ಹಿರಿಯರು ಕನ್ನಡಕ ಒರೆಸಿಕೊಂಡರು. “ಬಿಡಿ, ಮುಂದಿನದು ತೆಗೀರಿ” ಅಂದರು. ಆ ಹೆಸರು ಪಟ್ಟಿಯಲ್ಲಿ ಉಳಿಯಿತು.

ಆದರೂ ಸಂಜೆ ಲೆಕ್ಕ ಹಾಕಿದರೆ ಅರ್ಜಿ ಹಾಕಿದವರಲ್ಲಿ ಮುಕ್ಕಾಲು ಪಾಲು ಸ್ಪೆಕ್ಟ್ರೋಸ್ಕೋಪಿಯವರೇ. ದಿನವಿಡೀ ನ್ಯಾಯವಾಗಿ ಸೋಸಿದ್ದೆವು, ಆದರೆ ಜರಡಿಗೆ ಬಿದ್ದದ್ದೇ ಒಂದೇ ಬಗೆಯ ಕಾಳು. ಉಳಿದವರು ನನ್ನ ಐದು ನಿಮಿಷದ ಸಾಲು ಓದಿ ಬಾಗಿಲಿನಿಂದಲೇ ತಿರುಗಿಹೋಗಿರಬೇಕು. ಮೂರನೆಯ ಹುದ್ದೆಯನ್ನು ಆ ಸಾಲು ತೆಗೆದು ಮತ್ತೆ ಕರೆಯೋಣ ಎಂದು ನಾನು ಹೇಳಿದೆ. ಆರು ತಿಂಗಳು ಪಾಠ ಯಾರು ಮಾಡುತ್ತಾರೆ ಎಂದು ಮುಖ್ಯಸ್ಥರು ಕೇಳಿದರು. ಕೊನೆಗೆ ಆ ಪಾಠಗಳು ನನ್ನ ಪಾಲಿಗೇ ಬಂದವು, ಅದು ಸರಿಯೂ ಹೌದು.

ಸಂದರ್ಶನವೆಲ್ಲ ಮುಗಿದು ಇಬ್ಬರು ಸೇರಬೇಕಿತ್ತು, ಒಬ್ಬರು ಬೇರೆ ಕಡೆ ಹೋದರು. ಸೇರಿದವರು ಆ ಪೆನ್ಸಿಲ್ ಗುರುತಿನ ಮಹಿಳೆ. ಎಂಟು ತಿಂಗಳ ನಂತರ ಗ್ರಂಥಾಲಯ ಸಮಿತಿಗೆ ಒಬ್ಬ ಮಹಿಳಾ ಸದಸ್ಯೆ ಬೇಕೆಂದು ಸುತ್ತೋಲೆ ಬಂತು. ಯೋಚಿಸದೆ ಅವರಿಗೇ ಫೋನ್ ಮಾಡಿದೆ.

“ಸರ್, ಈ ವರ್ಷ ಇದು ಎಷ್ಟನೇ ಸಮಿತಿ ಗೊತ್ತಾ?”

“ಎಷ್ಟನೇದು ಮೇಡಂ?”

“ಐದನೇದು. ನನ್ನ ಲ್ಯಾಬಿಗೆ ಇನ್ನೂ ಕರೆಂಟ್ ಕನೆಕ್ಷನ್ ಬಂದಿಲ್ಲ.”